ಫ್ಲೇರ್ ಗನ್ ಮಾರಾಟಕ್ಕಿದೆ ಎಂದು ಸ್ಟೇಟಸ್ ಹಾಕುವ ಮೊದಲು

ಈ ಸಲದ ಪ್ರಶ್ನೆ ಬೈಂದೂರು ಕಡೆಯ ಓದುಗರೊಬ್ಬರದು. ಈಗ ಬೆಂಗಳೂರಿನಲ್ಲಿ ಕೆಲಸ. ಅವರ ಮಾತಲ್ಲೇ ಹೇಳುವುದಾದರೆ: "ನಮ್ಮ ದೊಡ್ಡಪ್ಪ ಹಡಗಿನಲ್ಲಿ ಕೆಲಸಕ್ಕಿದ್ದವರು. ಅವರ ಪೆಟ್ಟಿಗೆಯಲ್ಲಿ ಕಿತ್ತಳೆ ಬಣ್ಣದ ಒಂದು ಫ್ಲೇರ್ ಗನ್ ಸಿಕ್ಕಿದೆ. ಫೋಟೋ ಗ್ರೂಪಿಗೆ ಹಾಕಿದ್ದಕ್ಕೆ ಒಬ್ಬರು ಒಳ್ಳೆ ರೇಟ್ ಕೊಡ್ತೇನೆ ಅಂದ್ರು. ಜೊತೆಗೆ ಇನ್ಸರ್ಟ್ ಉಂಟಾ ಅಂತಲೂ ಕೇಳಿದ್ರು. ಇದ್ ಎಂತ ಕೋವಿಯಾ ಮಾರಾಯ್ರೆ? ಬರೀ ಬೆಳಕು ಬಿಡುವುದಲ್ವಾ? ಮಾರಿದ್ರೆ ತೊಂದ್ರೆ ಉಂಟಾ?"

ಉಂಟು. ದೊಡ್ಡ ತೊಂದರೆಯೇ ಉಂಟು. ಮೊದಲು ಆ ಫೋಟೋ ಹಾಕಿದ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ. ಚಾಟ್ ಡಿಲೀಟ್ ಮಾಡಲು ಹೋಗಬೇಡಿ, ಅದರಿಂದ ಪ್ರಯೋಜನ ಇಲ್ಲ. ಎದುರಿನವರ ಫೋನಿನಲ್ಲಿ ಅದು ಇದ್ದೇ ಇರುತ್ತದೆ. "ಮಾರುವುದಿಲ್ಲ" ಎಂದು ಒಂದು ಸಾಲು ಬರೆದು ಬಿಡಿ. ಆಮೇಲೆ ಮುಂದೆ ಓದಿ.

ಫ್ಲೇರ್ ಗನ್ ಅಂದ್ರೆ ಏನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಕಡಲಲ್ಲಿ ಅಪಾಯಕ್ಕೆ ಸಿಕ್ಕವರು ಆಕಾಶಕ್ಕೆ ಕೆಂಪು ಬೆಳಕು ಹಾರಿಸಿ ದೂರದ ಹಡಗಿನವರ ಗಮನ ಸೆಳೆಯಲು ಬಳಸುವ ಪಿಸ್ತೂಲು ಅದು. ವೆರಿ ಪಿಸ್ತೂಲ್ ಎಂಬ ಹೆಸರೂ ಇದೆ. ಅಮೆರಿಕದ ನೌಕಾಪಡೆಯ ಅಧಿಕಾರಿ ಎಡ್ವರ್ಡ್ ವೆರಿ ಎಂಬಾತ 1870ರ ದಶಕದಲ್ಲಿ ಇದನ್ನು ಚಾಲ್ತಿಗೆ ತಂದದ್ದರಿಂದ ಆ ಹೆಸರು. ಒಳಗೆ ಹಾಕುವುದು ಗುಂಡಲ್ಲ, ಉರಿಯುವ ಮದ್ದಿನ ಉಂಡೆ. ಆದರೆ ಕೆಲಸ ಮಾಡುವ ರೀತಿ ಬಂದೂಕಿನದ್ದೇ: ಕುದುರೆ ಎಳೆದರೆ ಮದ್ದು ಸಿಡಿಯುತ್ತದೆ, ಒಳಗಿದ್ದದ್ದು ನಳಿಗೆಯಿಂದ ಹೊರಗೆ ಹಾರುತ್ತದೆ.

ಇನ್ನು ಆ ಇನ್ಸರ್ಟ್. ಫ್ಲೇರ್ ಗನ್ನಿನ ಅಗಲವಾದ ನಳಿಗೆಯೊಳಗೆ ಕೂರಿಸುವ ಒಂದು ಕೊಳವೆ. ಅದನ್ನು ಹಾಕಿದರೆ ಬೆಳಕಿನ ಮದ್ದಿನ ಬದಲು ಮಾಮೂಲಿ ತೋಟಾ ಹಾರಿಸಬಹುದು ಎಂಬುದು ಮಾರುವವರ ವಾದ. ನಿಮಗೆ ರೇಟ್ ಹೇಳಿದವರು ಅದನ್ನು ಕೇಳಿದರಲ್ಲ, ಅಲ್ಲಿಗೆ ಅವರಿಗೆ ಬೇಕಾದದ್ದು ಬೆಳಕಲ್ಲ ಎಂದು ಗೊತ್ತಾಗಬೇಕು.

ಈಗ ಕಾನೂನಿಗೆ ಬರುವ. ನಮ್ಮಲ್ಲಿ ಇದಕ್ಕೆ ಮುಖ್ಯವಾದದ್ದು 1959ರ ಶಸ್ತ್ರಾಸ್ತ್ರ ಕಾಯ್ದೆ, ಆಮೇಲೆ 2016ರ ನಿಯಮಗಳು, ಮತ್ತು 2019ರ ತಿದ್ದುಪಡಿ. ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ಬಂದೂಕು ಅಂದರೆ ಏನು ಎಂದು ಬರೆದಿದ್ದಾರೆ. ಸ್ಫೋಟಕದ ಅಥವಾ ಬೇರೆ ಯಾವುದೇ ಶಕ್ತಿಯ ಬಲದಿಂದ, ಯಾವುದೇ ಬಗೆಯ ವಸ್ತುವನ್ನು ಹೊರಕ್ಕೆ ಹಾರಿಸುವಂತೆ ತಯಾರಿಸಿದ್ದು ಅಥವಾ ಮಾರ್ಪಡಿಸಿದ್ದು. "ಯಾವುದೇ ಬಗೆಯ" ಎಂಬುದನ್ನು ಗಮನಿಸಿ. ಸೀಸದ ಗುಂಡೇ ಆಗಬೇಕು ಎಂದಿಲ್ಲ. ಕಿತ್ತಳೆ ಬಣ್ಣ ಇದ್ದರೆ ಬಿಟ್ಟುಬಿಡಿ ಎಂದಿಲ್ಲ. ಈ ಮಾತುಗಳನ್ನು ಇದ್ದ ಹಾಗೆ ಓದಿದರೆ ಫ್ಲೇರ್ ಗನ್ ಅದರೊಳಗೆ ಬರುತ್ತದೆ.

ಅದೇ ವ್ಯಾಖ್ಯೆಯಲ್ಲಿ ಇನ್ನೊಂದು ಸಾಲಿದೆ, ಹೆಚ್ಚಿನವರು ಓದುವುದೇ ಇಲ್ಲ. ಬಂದೂಕಿನ ಭಾಗಗಳು ಮತ್ತು ಬಂದೂಕು ತಯಾರಿಸುವ ಯಂತ್ರಗಳು ಕೂಡ "ಬಂದೂಕು" ಎಂಬ ಪದದೊಳಗೇ ಸೇರುತ್ತವೆ. ಅಂದರೆ ಆ ಇನ್ಸರ್ಟ್ ಕೊಳವೆಯನ್ನು ಒಂಟಿಯಾಗಿ ಮಾರಿದರೂ "ನಾನು ಮಾರಿದ್ದು ಬರೀ ಪೈಪು" ಎನ್ನುವ ಮಾತು ನಿಲ್ಲುವುದು ಕಷ್ಟ. ಸಣ್ಣಪುಟ್ಟ ಬಿಡಿಭಾಗಗಳಿಗೆ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ಒಂದು ರಿಯಾಯಿತಿ ಇದೆ ನಿಜ. ಆದರೆ ಅದು ಆ ಭಾಗವನ್ನು ಅದಕ್ಕೆ ಹೊಂದುವ ಬೇರೆ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶ ಇಲ್ಲದಿದ್ದಾಗ ಮಾತ್ರ. ಇನ್ಸರ್ಟ್ ಇರುವುದೇ ಇನ್ನೊಂದರೊಳಗೆ ಕೂರಿಸಲಿಕ್ಕೆ. ಅದಕ್ಕೆ ಬೇರೆ ಉದ್ದೇಶವೇ ಇಲ್ಲ.

ಹಾಗಾದ್ರೆ ಹಡಗಿನಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದು ಕೇಳಬಹುದು. ಅದಕ್ಕೂ ಅದೇ 45ನೇ ಸೆಕ್ಷನ್‌ನಲ್ಲಿ ಉತ್ತರ ಇದೆ. ಸಮುದ್ರಕ್ಕೆ ಹೋಗುವ ನೌಕೆಯ ಅಥವಾ ವಿಮಾನದ ಮಾಮೂಲಿ ಸಲಕರಣೆಯ ಭಾಗವಾಗಿ, ಆ ನೌಕೆಯ ಮೇಲೇ ಇರುವ ಆಯುಧ ಮತ್ತು ಮದ್ದುಗುಂಡಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಎರಡು ಷರತ್ತು: ನೌಕೆಯ ಮೇಲೆ ಇರಬೇಕು, ನೌಕೆಯ ಸಲಕರಣೆಯೇ ಆಗಿರಬೇಕು. ನಿಮ್ಮ ದೊಡ್ಡಪ್ಪನ ಹಡಗಿನಲ್ಲಿ ಇದ್ದಾಗ ಅದಕ್ಕೆ ಈ ರಕ್ಷಣೆ ಇತ್ತು. ಹಡಗಿನಿಂದ ಇಳಿದು ಪೆಟ್ಟಿಗೆ ಸೇರಿ, ಶಿರೂರೋ ಉಪ್ಪುಂದವೋ ಮನೆಯ ಅಟ್ಟ ಹತ್ತಿದ ಮೇಲೆ ಇಲ್ಲ. ವಸ್ತು ಅದೇ, ಜಾಗ ಬದಲಾಯಿತು, ಕಾನೂನೂ ಬದಲಾಯಿತು. ಹೊರದೇಶದಿಂದ ತಂದದ್ದಾದರೆ 10ನೇ ಸೆಕ್ಷನ್ ಪ್ರಕಾರ ಆಯುಧವನ್ನು ದೇಶದೊಳಗೆ ತರಲಿಕ್ಕೂ ಪರವಾನಗಿ ಬೇಕು. ನಮ್ಮ ಮೂರೂ ತಾಲೂಕಿನಲ್ಲಿ ಮರ್ಚೆಂಟ್ ನೇವಿಗೆ ಹೋದ ಹುಡುಗರು ಸುಮಾರು ಜನ ಇದ್ದಾರೆ. "ಹಳೇದು, ಹಡಗಿನಲ್ಲಿ ಎಸೀಲಿಕ್ಕಿತ್ತು" ಎಂದು ನೆನಪಿಗೆ ತರುವ ಸಾಮಾನಿನ ಪಟ್ಟಿಯಿಂದ ಇದನ್ನು ಬಿಡಿ. ಗುಜರಾತಿನ ಅಲಂಗ್‌ನಲ್ಲಿ ಹಡಗು ಒಡೆಯುವ ಯಾರ್ಡುಗಳ ಪಕ್ಕದ ರಸ್ತೆಯಲ್ಲಿ ಹಡಗಿನ ಹಳೇ ಸಾಮಾನು ರಾಶಿ ಹಾಕಿ ಮಾರುತ್ತಾರೆ. ಅಲ್ಲಿಂದ ಮೇಜು, ದೀಪ, ಗಡಿಯಾರ ತನ್ನಿ. ಇದು ಬೇಡ.

ಈಗ ಮಾರಾಟದ ವಿಷಯ. ಖಾಸಗಿಯಾಗಿ ಬಂದೂಕು ಮಾರುವುದು ಭಾರತದಲ್ಲಿ ಪೂರ್ತಿ ನಿಷೇಧ ಅಂತ ಎಷ್ಟೋ ಜನ ಹೇಳುವುದುಂಟು. ಅದು ಸರಿಯಲ್ಲ. ವ್ಯಾಪಾರ ಮಾಡಲು ಡೀಲರ್ ಲೈಸೆನ್ಸ್ ಬೇಕು. ಆದರೆ 5ನೇ ಸೆಕ್ಷನ್‌ನ ಎರಡನೇ ಭಾಗ ಸಾಮಾನ್ಯ ಮನುಷ್ಯನಿಗೂ ಒಂದು ಸಣ್ಣ ಬಾಗಿಲು ಬಿಟ್ಟಿದೆ. ತನ್ನ ಸ್ವಂತ ಬಳಕೆಗೆ ಕಾನೂನುಬದ್ಧವಾಗಿ ಇಟ್ಟುಕೊಂಡ ಆಯುಧವನ್ನು, ಅದನ್ನು ಇಟ್ಟುಕೊಳ್ಳುವ ಹಕ್ಕಿರುವ ಇನ್ನೊಬ್ಬರಿಗೆ ಅವನು ಮಾರಬಹುದು. ಅದಕ್ಕೆ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಯ ಅಧಿಕಾರಿಗೋ ಬರಹದಲ್ಲಿ ತಿಳಿಸಬೇಕು. ಯಾರಿಗೆ ಮಾರುತ್ತೀರಿ, ಅವರ ಹೆಸರು ವಿಳಾಸ ಅದರಲ್ಲಿರಬೇಕು. ತಿಳಿಸಿದ ಮೇಲೆ ಕನಿಷ್ಠ 45 ದಿನ ಕಾಯಬೇಕು. ಇವತ್ತು ಫೋಟೋ, ನಾಳೆ ಗೂಗಲ್ ಪೇ, ನಾಡಿದ್ದು ಬಸ್ಸಿನ ಪಾರ್ಸೆಲ್ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಆದರೆ ನಮ್ಮ ಓದುಗರಿಗೆ ಈ ಬಾಗಿಲೂ ತೆರೆಯುವುದಿಲ್ಲ. ಯಾಕೆಂದರೆ ಬಾಗಿಲಿನ ಮೇಲೇ "ಕಾನೂನುಬದ್ಧವಾಗಿ ಇಟ್ಟುಕೊಂಡ" ಎಂದು ಬರೆದಿದೆ. ಲೈಸೆನ್ಸೇ ಇಲ್ಲದ ವಸ್ತು ಅವರ ಬಳಿ ಇರುವುದೇ ಪ್ರಶ್ನೆಯಾಗಿರುವಾಗ, ಅದನ್ನು ಮಾರುವ ಹಕ್ಕು ಎಲ್ಲಿಂದ ಬರಬೇಕು? ಫ್ಲೇರ್ ಗನ್ ಬಗ್ಗೆ ಇಂಟರ್‌ನೆಟ್ಟಿನಲ್ಲಿ ನಡೆಯುವ ವಾದಗಳೆಲ್ಲ ಇದು ಗನ್ ಹೌದೋ ಅಲ್ಲವೋ ಎಂಬಲ್ಲೇ ಸುತ್ತುತ್ತವೆ. ನನ್ನ ಮಟ್ಟಿಗೆ ನಿಜವಾದ ಕೊಂಡಿ ಇರುವುದು ಇಲ್ಲಿ, ಇಟ್ಟುಕೊಂಡದ್ದು ಸರಿಯೇ ಎಂಬ ಪ್ರಶ್ನೆಯಲ್ಲಿ.

ಶಿಕ್ಷೆ ಎಷ್ಟು ಎಂದು ನೋಡಿದರೆ ಆ "ಒಳ್ಳೆ ರೇಟ್" ಎಷ್ಟು ಅಗ್ಗ ಅಂತ ಗೊತ್ತಾಗುತ್ತದೆ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ದಂಡ. ಮೊದಲು ಇದು 1ರಿಂದ 3 ವರ್ಷ ಇತ್ತು. ಕಾನೂನು ಮೀರಿ ಮಾರಿದರೆ, ವರ್ಗಾಯಿಸಿದರೆ, ಪರಿವರ್ತಿಸಿದರೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಇದು ಮೊದಲು 3ರಿಂದ 7 ವರ್ಷ ಇತ್ತು. ಅಂದರೆ ಹಿಂದಿನ ಗರಿಷ್ಠವೇ ಈಗ ಕನಿಷ್ಠ. ಬೆಂಗಳೂರಿನಲ್ಲಿ ಹೋಮ್ ಲೋನ್ ತೆಗೆದು ಕೂತ ಇಪ್ಪತ್ತೆಂಟರ ಹುಡುಗನಿಗೆ ಏಳು ವರ್ಷ ಅಂದ್ರೆ ಏನು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಪರಿವರ್ತನೆಗೆ ಪ್ರತ್ಯೇಕವಾಗಿ 6ನೇ ಸೆಕ್ಷನ್ ಇದೆ. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದು, ಬಂದೂಕಿನಂತೆ ಕಾಣುವ ನಕಲಿ ವಸ್ತುವನ್ನು ನಿಜ ಬಂದೂಕಾಗಿ ಮಾಡುವುದು, 2019ರ ನಂತರ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಿಸುವುದು, ಇವೆಲ್ಲಕ್ಕೂ ಲೈಸೆನ್ಸ್ ಬೇಕು. ಆದ್ದರಿಂದ "ಇದು ಫ್ಲೇರ್ ಗನ್, ಬಂದೂಕೇ ಅಲ್ಲ" ಎಂದು ಯಾರಾದರೂ ವಾದಿಸಿ ಗೆದ್ದರು ಎಂದೇ ಇಟ್ಟುಕೊಳ್ಳಿ. ಆಗ ಅದು ಬಂದೂಕಿನಂತೆ ಕಾಣುವ ವಸ್ತು. ಅದಕ್ಕೆ ಇನ್ಸರ್ಟ್ ಹಾಕಿ ಗುಂಡು ಹಾರುವಂತೆ ಮಾಡಿದರೆ 6ನೇ ಸೆಕ್ಷನ್ ಬರುತ್ತದೆ. ಬಂದೂಕೇ ಹೌದು ಎಂದರೆ 3 ಮತ್ತು 5 ಬರುತ್ತದೆ. ಯಾವ ಕಡೆಯಿಂದ ಹೋದರೂ ಠಾಣೆಯ ಮೆಟ್ಟಿಲೇ.

ಕೊಳ್ಳುವವರೂ ಪಾರಾಗುವುದಿಲ್ಲ. ಲೈಸೆನ್ಸ್ ಇಲ್ಲದವರಿಂದ ಅದು ಗೊತ್ತಿದ್ದೂ ಕೊಂಡರೆ, ಎದುರಿನವರಿಗೆ ಹಕ್ಕಿದೆಯೇ ಎಂದು ನೋಡಿಕೊಳ್ಳದೆ ಕೊಟ್ಟರೆ, ಎರಡೂ 29ನೇ ಸೆಕ್ಷನ್‌ನಲ್ಲಿ ಅಪರಾಧ.

ಯೂಟ್ಯೂಬ್ ನೋಡಿ ಬಂದವರು ಒಂದು ಮಾತು ಹೇಳುತ್ತಾರೆ: "ಅಮೆರಿಕದಲ್ಲಿ ಲೀಗಲ್." ಅಲ್ಲಿ ದೋಣಿ ಸಾಮಾನಿನ ಅಂಗಡಿಯಲ್ಲಿ ಫ್ಲೇರ್ ಗನ್ ಸಿಗುವುದು ನಿಜ; ಸಂಕೇತ ಕೊಡುವ ಸಾಧನ ಎಂದು ಫೆಡರಲ್ ಕಾನೂನು ಅದನ್ನು ಬಿಟ್ಟಿದೆ. ಆದರೆ ಮಾಮೂಲಿ ತೋಟಾ ಹಾರುವಂತೆ ಮಾಡಿದ ಕೂಡಲೇ ಅಲ್ಲೂ ಅದು ಬಂದೂಕೇ, 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯ ನೋಂದಣಿಯ ಮಾತೂ ಬರುತ್ತದೆ. ಯುರೋಪಿನವರು ಈ ಪರಿವರ್ತನೆಯ ಕಾಟಕ್ಕೆ ಸೋತು, ಅಲಾರ್ಮ್ ಮತ್ತು ಸಂಕೇತ ಪಿಸ್ತೂಲುಗಳನ್ನು ಬಂದೂಕಾಗಿ ಬದಲಿಸಲು ಆಗದ ಹಾಗೆ ಹೇಗೆ ತಯಾರಿಸಬೇಕು ಎಂದೇ 2019ರಲ್ಲಿ ನಿಯಮ ತಂದರು. ಬ್ರಿಟನ್ನಿನಲ್ಲಿ 2025ರ ಫೆಬ್ರವರಿಯಲ್ಲಿ, ಟರ್ಕಿಯಲ್ಲಿ ತಯಾರಾದ ಕೆಲವು ಬಗೆಯ ಬ್ಲ್ಯಾಂಕ್ ಪಿಸ್ತೂಲುಗಳನ್ನು ಠಾಣೆಗೆ ತಂದು ಒಪ್ಪಿಸಿ, ಇಟ್ಟುಕೊಂಡದ್ದಕ್ಕೆ ಕೇಸ್ ಹಾಕುವುದಿಲ್ಲ ಎಂದು ಪೊಲೀಸರು ಜನರಿಗೆ ಅವಕಾಶ ಕೊಟ್ಟರು. ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿದ್ದ ಅವನ್ನೇ ಅಪರಾಧಿಗಳು ನಿಜ ಬಂದೂಕಾಗಿ ಬದಲಿಸುತ್ತಿದ್ದರು.

ಕಾನೂನು ಬದಿಗಿಡಿ. ದೋಣಿಗೆಂದು ಮಾಡಿದ ಫ್ಲೇರ್ ಗನ್‌ಗಳಲ್ಲಿ ಬಹಳಷ್ಟು ಪ್ಲಾಸ್ಟಿಕ್ಕಿನವು. ಬಂದೂಕಿನ ತೋಟಾದ ಒತ್ತಡ ತಡೆಯಲು ಅವನ್ನು ಮಾಡಿಲ್ಲ. ಒಡೆದರೆ ಅದು ಹಿಡಿದವರ ಕೈಯಲ್ಲೇ ಒಡೆಯುವುದು. ಇನ್ಸರ್ಟ್ ಏನೂ ಇಲ್ಲದೆ ಫ್ಲೇರ್ ಒಂದೇ ಏನು ಮಾಡಬಲ್ಲದು ಎಂಬುದಕ್ಕೂ ಉದಾಹರಣೆ ಇದೆ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಸಂಗೀತ ಕಾರ್ಯಕ್ರಮದ ನಡುವೆ ಯಾರೋ ಹಾರಿಸಿದ ಫ್ಲೇರಿಗೆ ಇಡೀ ಕ್ಯಾಸಿನೋ ಕಟ್ಟಡ ಸುಟ್ಟುಹೋಯಿತು. ಗಿಟಾರ್ ಕಲಿಯುವ ಎಲ್ಲರೂ ಮೊದಲು ನುಡಿಸುವ ಡೀಪ್ ಪರ್ಪಲ್‌ನ ಆ ಹಾಡು ಹುಟ್ಟಿದ್ದು ಆ ಹೊಗೆಯಿಂದಲೇ. 2013ರ ಫೆಬ್ರವರಿಯಲ್ಲಿ ಬೊಲಿವಿಯಾದ ಒರುರೊ ಊರಿನ ಫುಟ್ಬಾಲ್ ಪಂದ್ಯದಲ್ಲಿ ಪ್ರೇಕ್ಷಕರ ಕಡೆಯಿಂದ ಹಾರಿದ ಕಡಲ ಫ್ಲೇರ್ ಬಡಿದು 14 ವರ್ಷದ ಹುಡುಗ ತೀರಿಕೊಂಡ. ಅದರಿಂದ ಹಾಡೇನೂ ಹುಟ್ಟಲಿಲ್ಲ.

ನಮ್ಮ ಮೀನುಗಾರರಿಗೆ ಫ್ಲೇರ್ ಬೇಡವೇ ಹಾಗಾದರೆ? ಖಂಡಿತ ಬೇಕು. ಆದರೆ ಅದಕ್ಕೆ ಗನ್ ಬೇಡ, ಇದನ್ನು ಗಂಗೊಳ್ಳಿ, ಕೋಡಿಬೆಂಗ್ರೆ, ಕೊಡೇರಿ ಕಡೆಯ ಓದುಗರು ಮನೆಯಲ್ಲಿ ಹೇಳಿ. ಈಗಿನ ಅಪಾಯ ಸೂಚಕಗಳು ತಮ್ಮಷ್ಟಕ್ಕೇ ಕೆಲಸ ಮಾಡುತ್ತವೆ. ಕೈಯಲ್ಲಿ ಹಿಡಿಯುವ ಕೆಂಪು ಫ್ಲೇರ್ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಕನಿಷ್ಠ ಒಂದು ನಿಮಿಷ ಉರಿಯಬೇಕು. ಪ್ಯಾರಾಚೂಟ್ ರಾಕೆಟ್ ಕನಿಷ್ಠ 300 ಮೀಟರ್ ಮೇಲೇರಿ, 40 ಸೆಕೆಂಡ್ ಬೆಳಗುತ್ತಾ ಇಳಿಯಬೇಕು. ಹಗಲಿಗೆ ಕಿತ್ತಳೆ ಹೊಗೆ. ಯಾವುದಕ್ಕೂ ಪಿಸ್ತೂಲಿನ ಅಗತ್ಯ ಇಲ್ಲ. ಹಾಗಾಗಿ "ಬೋಟಿಗೆ ಬೇಕಿತ್ತು" ಎಂದು ಯಾರಾದರೂ ಹಳೇ ಫ್ಲೇರ್ ಗನ್ ಹುಡುಕುತ್ತಿದ್ದರೆ ನನಗೆ ಸ್ವಲ್ಪ ಸಂಶಯವೇ. ಇದರ ಮೇಲೆ ಇಸ್ರೋ ರೂಪಿಸಿದ ಡ್ಯಾಟ್ ಎಂಬ ಸಾಧನ ಇದೆ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ದೋಣಿ ಎಲ್ಲಿದೆ ಎಂಬ ಸಂದೇಶ ಹೋಗುತ್ತದೆ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಜನರೊಂದಿಗೆ ಕಾಣೆಯಾದದ್ದನ್ನು ನಮ್ಮ ಕರಾವಳಿ ಮರೆತಿಲ್ಲ. ಎರಡು ದಿನದ ನಂತರ ಸಂಪರ್ಕ ತಪ್ಪಿತು. ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಬಳಿ ಕಡಲ ತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಐದು ತಿಂಗಳಷ್ಟು ಕಾಲ ಆ ಮನೆಗಳವರು ದಡದಲ್ಲಿ ಕಾದದ್ದು ನೋಡಿದವರಿಗೆ, ಬೋಟಿನಲ್ಲಿ ಸರಿಯಾದ ಸೂಚಕ ಇರುವುದು ಏಕೆ ಬೇಕು ಎಂದು ಬೇರೆ ಹೇಳಬೇಕಾಗಿಲ್ಲ. ಇದ್ದ ದುಡ್ಡನ್ನು ಅಲ್ಲಿ ಹಾಕಿ.

ಈ ಪ್ರಶ್ನೆಯ ನೆಪದಲ್ಲಿ ಇನ್ನೊಂದು ವಿಷಯ. ಫ್ಲೇರ್ ಗನ್ ಇರುವ ಮನೆ ನಮ್ಮಲ್ಲಿ ಎಲ್ಲೋ ಒಂದು. ಆದರೆ ಅಜ್ಜನ ಕೋವಿ ಇರುವ ಮನೆಗಳು ಸಾಕಷ್ಟು. ಹೊಸಂಗಡಿ, ಸಿದ್ದಾಪುರ, ಅಮಾಸೆಬೈಲು, ಕೊಲ್ಲೂರು ಕಡೆ ಹಂದಿ ಮಂಗನ ಕಾಟಕ್ಕೆಂದು ಬೆಳೆ ರಕ್ಷಣೆಯ ಲೈಸೆನ್ಸ್ ತೆಗೆದದ್ದು. ಚುನಾವಣೆ ಬಂದಾಗಲೆಲ್ಲ ಸ್ಟೇಷನ್ನಿಗೆ ಕೊಟ್ಟು, ಮುಗಿದ ಮೇಲೆ ರಶೀದಿ ತೋರಿಸಿ ತಂದದ್ದು. ಅಜ್ಜ ತೀರಿಹೋದರು. ಮಕ್ಕಳು ಮುಂಬೈ, ಮೊಮ್ಮಕ್ಕಳು ಬೆಂಗಳೂರು. ಕೋವಿ ಕಪಾಟಿನ ಹಿಂದೆ.

ಲೈಸೆನ್ಸ್ ಇರುವುದು ಮನುಷ್ಯನಿಗೆ, ಮನೆಗಲ್ಲ. ಲೈಸೆನ್ಸುದಾರರು ತೀರಿಕೊಂಡ ಮೇಲೆ ಆ ಕೋವಿ ಯಾರ ಹೆಸರಿನಲ್ಲೂ ಇಲ್ಲದ ವಸ್ತು. ಕಾಯ್ದೆಯ 21ನೇ ಸೆಕ್ಷನ್ ಹೇಳುವುದು, ಇಟ್ಟುಕೊಳ್ಳುವುದು ಯಾವುದೇ ಕಾರಣಕ್ಕೆ ಕಾನೂನುಬದ್ಧವಲ್ಲ ಎಂದಾದರೆ ಅನಗತ್ಯ ತಡ ಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯಲ್ಲೋ ಠೇವಣಿ ಇಡಬೇಕು ಎಂದು. ಠೇವಣಿ ಇಟ್ಟರೆ ಕೋವಿ ಕೈತಪ್ಪಿತು ಎಂದು ಹೆದರಬೇಡಿ. ನಿಗದಿತ ಅವಧಿಯೊಳಗೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸಿಕೊಂಡು ವಾಪಸ್ ತರಬಹುದು, ಅಥವಾ ಹಕ್ಕುಳ್ಳವರಿಗೆ ಮಾರಬಹುದು. ಸುಮ್ಮನೆ ಬಿಟ್ಟರೆ ಮಾತ್ರ ಸರ್ಕಾರಕ್ಕೆ ಹೋಗುತ್ತದೆ. ಅಜ್ಜ ಇನ್ನೂ ಗಟ್ಟಿಯಾಗಿದ್ದರೆ ಮತ್ತೂ ಸುಲಭ: ಅವರಿಗೆ 70 ವರ್ಷ ಆಗಿದ್ದರೆ, ಅಥವಾ ಕೋವಿ ಅವರ ಬಳಿ 25 ವರ್ಷದಿಂದ ಇದ್ದರೆ, ಅವರು ಹೇಳಿದ ವಾರಸುದಾರರಿಗೆ ಲೈಸೆನ್ಸ್ ಕೊಡಲು 2016ರ ನಿಯಮಗಳಲ್ಲಿ ದಾರಿ ಇದೆ. ಮುಂದಿನ ರಜೆಗೆ ಊರಿಗೆ ಹೋದಾಗ ಕೇಳಿ ನೋಡಿ. 21 ವರ್ಷ ಆಗದವರ ಹೆಸರಿಗೆ ಆಗದು. ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ. 2019ಕ್ಕೆ ಮೊದಲು ಮೂರು ಇತ್ತು.

"ಹಳೇ ಕೇಪಿನ ಕೋವಿ, ತುಕ್ಕು ಹಿಡಿದಿದೆ, ಗೋಡೆಗೆ ತೂಗುಹಾಕಿದ್ದೇವೆ" ಎನ್ನುವವರಿಗೆ: ರಿಪೇರಿ ಮಾಡಿದರೂ ಬಂದೂಕಾಗಿ ಬಳಸಲು ಆಗದಷ್ಟು ಹಾಳಾದ ಅಥವಾ ಪುರಾತನವಾದದ್ದಕ್ಕೆ ವಿನಾಯಿತಿ ಇದೆ. "ರಿಪೇರಿ ಮಾಡಿದರೂ" ಎಂಬುದು ಮುಖ್ಯ. ಅದನ್ನು ತೀರ್ಮಾನಿಸುವುದು ನೀವಲ್ಲ, ಬರೆದು ಕೇಳಿ. "ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ" ಎನ್ನುವ ಮಾತು ನಮ್ಮ ಕಡೆ ಬಹಳ ಓಡುತ್ತದೆ. ಅದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ ಕೇಂದ್ರ ಸರ್ಕಾರ ಕೊಟ್ಟ ವಿನಾಯಿತಿ, ಸದ್ಯಕ್ಕೆ 2029ರವರೆಗೆ. ಕುಂದಾಪುರದವರಿಗೆ ಅದು ಲೆಕ್ಕಕ್ಕಿಲ್ಲ. ಏರ್‌ಗನ್ ಬಗ್ಗೆಯೂ ಕೇಳುತ್ತೀರಿ: 20 ಜೂಲ್ ಮೀರದ, .177 ಇಂಚಿಗಿಂತ ದೊಡ್ಡದಲ್ಲದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಅದರಲ್ಲಿ ನವಿಲಿಗೆ ಹೊಡೆದರೆ ವನ್ಯಜೀವಿ ಕಾಯ್ದೆ ಬೇರೆಯೇ ಇದೆ.

ಇನ್ನು ಬೈಂದೂರಿನ ಓದುಗರು ಮಾಡಬೇಕಾದದ್ದು. ಅದನ್ನು ಚೀಲಕ್ಕೆ ಹಾಕಿಕೊಂಡು ನೇರ ಸ್ಟೇಷನ್ನಿಗೆ ನಡೆಯಬೇಡಿ. ಬೆಂಗಳೂರಿಗಂತೂ ಬಸ್ಸಿನಲ್ಲೋ ವಿಮಾನದಲ್ಲೋ ತರಲೇಬೇಡಿ. ಇದ್ದಲ್ಲೇ ಬೀಗ ಹಾಕಿ ಇಡಿ. ಮೊದಲು ಊರಿನ ಒಬ್ಬ ವಕೀಲರನ್ನು ನೋಡಿ. ದೊಡ್ಡಪ್ಪನ ಹಡಗಿನ ಕೆಲಸದ ದಾಖಲೆ, ಅಂದರೆ ಸಿಡಿಸಿ ಪುಸ್ತಕ ಇದ್ದರೆ ಹುಡುಕಿ ತೆಗೆದಿಡಿ. ಯಾವಾಗ, ಎಲ್ಲಿ, ಹೇಗೆ ಸಿಕ್ಕಿತು ಎಂದು ಇದ್ದದ್ದು ಇದ್ದಹಾಗೆ ಬರೆದು, ಒಪ್ಪಿಸಲು ಸಿದ್ಧ ಎಂದು ವಕೀಲರ ಮೂಲಕ ಠಾಣಾಧಿಕಾರಿಗೆ ಪತ್ರ ಕೊಡಿ, ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೆ ಒಂದು ಪ್ರತಿ ಹೋಗಲಿ. ಎರಡಕ್ಕೂ ಸ್ವೀಕೃತಿ ಸಹಿ ತೆಗೆದುಕೊಳ್ಳಿ. ಪೆಟ್ಟಿಗೆಯಲ್ಲಿ ಮದ್ದಿನ ತೋಟಾಗಳೂ ಇದ್ದರೆ ಅದನ್ನೂ ಪತ್ರದಲ್ಲಿ ಬರೆಯಿರಿ, ಕೈಯಿಂದ ಮುಟ್ಟಬೇಡಿ. ಹಳೇ ಮದ್ದು ಎಷ್ಟು ಹೊತ್ತಿಗೆ ಏನು ಮಾಡುತ್ತದೆ ಎಂದು ಹೇಳಲಾಗದು.

ಬೋಟಿನ ಅವಧಿ ಮುಗಿದ ಫ್ಲೇರ್‌ಗಳ ವಿಷಯವೂ ಇಷ್ಟೇ. ಸಾಮಾನ್ಯವಾಗಿ ಮೂರು ವರ್ಷದ ಅವಧಿ, ದಿನಾಂಕ ಅದರ ಮೇಲೇ ಇರುತ್ತದೆ. ಮುಗಿದದ್ದನ್ನು ಜಾತ್ರೆಯ ಗರ್ನಾಲಿನ ಬದಲಿಗೆ, ಹೊಸ ವರ್ಷದ ರಾತ್ರಿ ಮರವಂತೆ ಬೀಚಿನಲ್ಲಿ ಹಾರಿಸಬೇಡಿ. ಕಡಲಲ್ಲಿ ಕೆಂಪು ಬೆಳಕು ಕಂಡರೆ ಯಾರೋ ಮುಳುಗುತ್ತಿದ್ದಾರೆ ಎಂದೇ ಅರ್ಥ, ಹುಡುಕಲು ಬೋಟು ಹೊರಡುತ್ತದೆ. ಕೊಂಡ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ, ಇಲ್ಲದಿದ್ದರೆ ಗಂಗೊಳ್ಳಿಯ ಕರಾವಳಿ ಕಾವಲು ಪೊಲೀಸರನ್ನು ವಿಚಾರಿಸಿ. ನಿಜವಾಗಿಯೂ ಅಂಥ ಬೆಳಕು ಕಂಡರೆ ಕರಾವಳಿ ಪೊಲೀಸರ ನಂಬರ್ 1093, ಕೋಸ್ಟ್ ಗಾರ್ಡಿನದ್ದು 1554.